ಹೊಲ ಬೀಳು ಬಿಟ್ಟವರು ನಾವೇ

ಮೊದಲೇ ಹೇಳಿಬಿಡ್ತೀನಿ. ಇದು 'ಲಕ್ಷ ರೂಪಾಯಿ ಸಂಬಳ ಬಿಟ್ಟು ಮಣ್ಣಿಗೆ ಮರಳಿದ ಟೆಕ್ಕಿ' ಅನ್ನೋ ಥರದ ಬರಹ ಅಲ್ಲ. ಸಂಬಳ ನಾನು ಬಿಟ್ಟಿಲ್ಲ, ಬಿಡೋ ವಿಚಾರವೂ ಇಲ್ಲ. ಇಎಂಐ ಇದೆ. ಭಾನುವಾರದ ಪುರವಣಿಗಳಲ್ಲಿ ಬರೋ ಆ ಟೆಕ್ಕಿಗಳ ಫೋಟೋ ನೋಡಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ: ಈ ಮನುಷ್ಯ ಹೊಲಕ್ಕೆ ವಾಪಸ್ ಬರೋ ತನಕ ಆ ಹೊಲ ಯಾರು ಮಾಡ್ತಿದ್ದರು? ಅವರು ಈಗ ಎಲ್ಲಿ? ಫೋಟೋದಲ್ಲಿ ಅವರು ಇರೋದಿಲ್ಲ.

ನಮ್ಮ ಹೊಲದ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತು. ಹುಲಸೂರಿನಲ್ಲಿ ನಮ್ಮದು 4 ಎಕರೆ ಎರೆ ಹೊಲ. ಅಪ್ಪನಿಗೆ ಮೊಣಕಾಲು ನೋವು ಶುರುವಾದ ಮೇಲೆ ನಮ್ಮ ಓಣಿಯ ಕಾಕಾ ಒಬ್ಬರು ಅದನ್ನ ಪಾಲಿಗೆ ಮಾಡ್ತಿದ್ದರು. ರಕ್ತ ಸಂಬಂಧ ಅಲ್ಲ, ಆದರೂ ಕಾಕಾ. ಸ್ವಂತ ಹೊಲ ಅವರಿಗೆ ಇಲ್ಲ. 2014ರಲ್ಲಿ ನಾನು ಬಿಇ ಮುಗಿಸಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಎರಡು ಕಂಪನಿ ಬದಲಿಸಿ, ಎಲ್ಲಾ ತಿಳಿದವನ ಹಾಗೆ ಊರಿಗೆ ಬಂದಿದ್ದೆ. ಅಪ್ಪನ ಮುಂದೆ ಕೂತು ಹೇಳಿದ್ದೆ: "ಬಿಡಸ್ರಿ ಅವರಿಗೆ. ನಾಳೆ ಪಹಣಿಯಾಗ ಅವರ ಹೆಸರು ಕೂತ್ರ ಹೊಲಾ ಹೋಯ್ತು." ಅಪ್ಪ ಮಾತಾಡಲಿಲ್ಲ. ಮರು ಯುಗಾದಿಗೆ ಕಾಕಾನ ಪಾಲು ಮುರೀತು. ಆಮೇಲೆ ಆರು ವರ್ಷ ಆ ಹೊಲದಲ್ಲಿ ಬೆಳೆದದ್ದು ಸರ್ಕಾರಿ ಜಾಲಿ, ಕಾಂಗ್ರೆಸ್ ಕಸ, ಕರಿಕೆ. ಹೊಲ 'ಉಳೀತು' ಅಂತ ನಾನು ನೆಮ್ಮದಿಯಾಗಿದ್ದೆ.

2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಕೊಂಡು ಊರಿಗೆ ಬಂದಾಗ ಅದನ್ನ ಕಣ್ಣಾರೆ ನೋಡಿದೆ. ನೋಡಲಿಕ್ಕೆ ಒಳಗೆ ಹೋಗಲಿಕ್ಕೇ ಆಗ್ಲಿಲ್ಲ, ಅಷ್ಟು ಮುಳ್ಳು. ಒಡ್ಡು ಮೂರು ಕಡೆ ಒಡೆದಿತ್ತು. ಇಳಿಜಾರಿನ ಮೂಲೆಯಲ್ಲಿ ಮೇಲ್ಮಣ್ಣು ಹೋಗಿ ಗರಸು ಕಾಣ್ತಿತ್ತು. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ. ಅದು ವರ್ಷಪೂರ್ತಿ ಹಂಚಿ ಬರೋದಿಲ್ಲ, ನಾಲ್ಕು ದಿನ ಧೋ ಅಂತ ಸುರಿದು ಹೋಗ್ತದೆ. ಒಡೆದ ಒಡ್ಡಿನಿಂದ ಆರು ಮಳೆಗಾಲ ನಮ್ಮ ಮಣ್ಣು ಹಳ್ಳಕ್ಕೆ ಹೋಗಿದೆ. ಪಹಣಿಯಲ್ಲಿ ಮಾತ್ರ 4 ಎಕರೆಗೆ 4 ಎಕರೆಯೇ ಇದೆ.

ಮರು ವರ್ಷ, 2021ರ ಫೆಬ್ರವರಿಯಲ್ಲಿ ಕೆಲಸಕ್ಕೆ ಇಳಿದೆ. ಬೇರೆಯವರು ಬರೆದು ಬಿಟ್ಟುಹೋದ ಹಳೇ ಕೋಡ್ ಸರಿ ಮಾಡಿದ ಅನುಭವ ನನಗಿದೆ, ಇದೂ ಹಂಗೇ ಇರ್ತದೆ ಅಂದುಕೊಂಡಿದ್ದೆ. ಮೊದಲ ತಪ್ಪು ಜಾಲಿಯಲ್ಲಿ. ಕೂಲಿಯವರಿಂದ ನೆಲಮಟ್ಟಕ್ಕೆ ಕಡಿಸಿ ಒಣಗಿಸಿದೆ. ಮೂರು ವಾರಕ್ಕೆ ಒಂದೊಂದು ಬುಡದಿಂದ ಆರಾರು ಚಿಗುರು. ಜಾಲಿಯನ್ನ ಕಡಿದ್ರೆ ಸಾಯೋದಿಲ್ಲ, ನೆಲದೊಳಗೆ ಒಂದು ಗೇಣು ಕೆಳಗಿನ ಬೇರಿನ ಗಂಟಿನ ಸಮೇತ ಕೀಳಬೇಕು. ಅಂದರೆ ಜೆಸಿಬಿ, ಗಂಟೆಗೆ 1,100 ರೂಪಾಯಿ. ಎರಡನೇ ತಪ್ಪು ಇನ್ನೂ ದೊಡ್ಡದು. ಜಾಲಿ ಹೋದ ಮೇಲೆ ಹೊಲ ಚಂದ ಕಾಣಲಿ ಅಂತ ರೋಟಾವೇಟರ್ ಹೊಡೆಸಿದೆ. ಕರಿಕೆ ಬೇರು ನೆಲದೊಳಗೆ ಹಗ್ಗದ ಹಾಗೆ ಹಬ್ಬಿರ್ತದೆ, ಪ್ರತಿ ಗಿಣ್ಣಿಗೂ ಒಂದು ಮೊಳಕೆ. ರೋಟಾವೇಟರ್ ಅದನ್ನ ಬೆರಳುದ್ದ ತುಂಡು ಮಾಡಿ ಇಡೀ ಹೊಲಕ್ಕೆ ಬಿತ್ತಿತು. ನಾನು ಬಾಡಿಗೆ ಕೊಟ್ಟು ಕರಿಕೆ ಬಿತ್ತನೆ ಮಾಡಿಸಿದ ಹಾಗಾಯ್ತು.

ಆ ಸಂಜೆ ಒಡ್ಡಿನ ಮೇಲೆ ಕಾಕಾ ನಿಂತಿದ್ದರು. ಆರು ವರ್ಷದಲ್ಲಿ ಮೊದಲ ಸಲ ಮಾತಾಡಿಸಿದರು.

"ಏನ್ ಮಾಡ್ಲತ್ತಿ ತಮ್ಮಾ?"

"ಹೊಲಾ ಹದ ಮಾಡ್ಲತ್ತೀನ್ರಿ ಕಾಕಾ."

"ಹದ ಅಲ್ಲದು. ಪಲ್ಟಿ ಹೊಡಸು. ಹೆಂಟಿ ಮ್ಯಾಲ ಬಿದ್ದು ಬಿಸಲಿಗಿ ಸುಡ್ಲಿ. ಬೇರು ಒಣಗಿದ ಮ್ಯಾಲ ಕೈಲೆ ಆರಿಸ್ಬೇಕ."

ಅಷ್ಟೇ ಹೇಳಿ ಹೋದರು. ಪಲ್ಟಿ ನೇಗಿಲು ಹೊಡೆಸಿದೆ. ಎರೆ ಮಣ್ಣಿನ ಹೆಂಟೆಗಳು ಕಲ್ಲಿನ ಹಾಗೆ ಮೇಲೆದ್ದು ಕೂತವು. ಏಪ್ರಿಲ್ ಬಿಸಿಲು ನಮ್ಮ ಕಡೆ ಹೆಂಗಿರ್ತದೆ ಅಂತ ಬೀದರ್, ಕಲಬುರಗಿಯವರಿಗೆ ಹೇಳಬೇಕಿಲ್ಲ. ಆ ಬಿಸಿಲೇ ನಮಗೆ ಪುಕ್ಕಟೆ ಸಿಗೋ ಔಷಧಿ. ಕರಿಕೆ ಬೇರು ಒಣಗ್ತದೆ, ಮಣ್ಣಿನಲ್ಲಿ ಅಡಗಿದ ಹುಳದ ಕೋಶ ಮೇಲೆ ಬಂದು ಹಕ್ಕಿಯ ಪಾಲಾಗ್ತದೆ, ತೊಗರಿಯ ನೆಟೆ ರೋಗದ ಶಿಲೀಂಧ್ರವೂ ಒಂದಿಷ್ಟು ಕಡಿಮೆ ಆಗ್ತದೆ. ಮಾಗಿ ಉಳುಮೆ ಅಂತ ಪುಸ್ತಕದಲ್ಲಿ ಓದಿದ್ದೆ. ಅಲ್ಲಿ ಒಂದೇ ಪದ, ಹೊಲದಲ್ಲಿ ನಲವತ್ತು ದಿನ.

ಕಾಂಗ್ರೆಸ್ ಕಸದ ಬಗ್ಗೆ ಒಂದು ಮಾತು. ಅಮೆರಿಕದಿಂದ ಪಿಎಲ್ 480ರ ಗೋಧಿ ಜೊತೆ ಬಂತು ಅಂತ ಹೇಳ್ತಾರೆ. 1955ರ ಹೊತ್ತಿಗೆ ಪುಣೆಯಲ್ಲಿ ಗುರುತಾಯ್ತು. ಒಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸ್ತದೆ. ಇದನ್ನ ತಿನ್ನೋ ಮೆಕ್ಸಿಕೋದ ಜೀರುಂಡೆಯನ್ನ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಮಳೆಗಾಲದಲ್ಲಿ ಅದು ಕೆಲಸ ಮಾಡ್ತದೆ. ಆದರೆ ಹೂವು ಬಿಡೋಕೆ ಮುಂಚೆ ಕೈಗೆ ಚೀಲ ಸುತ್ತಿಕೊಂಡು ಕಿತ್ತು ಹಾಕೋದಕ್ಕಿಂತ ಒಳ್ಳೇ ದಾರಿ ನನಗೆ ಸಿಗಲಿಲ್ಲ. ಒಂದು ವಾರ ಕಿತ್ತೆ. ಎರಡು ವಾರ ಮೈ ಕೆರಕೊಂಡೆ. ಮೀಟಿಂಗ್‌ಗಳಲ್ಲಿ ಕ್ಯಾಮೆರಾ ಆಫ್.

ಅದೇ ಏಪ್ರಿಲ್ 17ಕ್ಕೆ ಬಸವಕಲ್ಯಾಣ ಕ್ಷೇತ್ರದ ಉಪಚುನಾವಣೆ. ನಾನು ಹೊಲದಲ್ಲಿ ಬೇರು ಆರಿಸ್ತಿದ್ರೆ ರಸ್ತೆ ಮೇಲೆ ಪ್ರಚಾರದ ಗಾಡಿಗಳ ಸಾಲು. ಎಲ್ಲ ಪಕ್ಷದವರ ಬಾಯಲ್ಲೂ ರೈತ, ರೈತ. ನನಗೆ ಆ ಹೊತ್ತಿಗೆ ಆ ಪದದ ಮೇಲೇ ಸಂಶಯ ಬಂದಿತ್ತು. ಯಾರು ರೈತ? ಆರು ವರ್ಷ ಹೊಲ ಬೀಳು ಬಿಟ್ಟ ನಮ್ಮ ಮನೆಯವರು ಸರ್ಕಾರದ ಲೆಕ್ಕದಲ್ಲಿ ರೈತರು. ಪಿಎಂ ಕಿಸಾನ್‌ನ ವರ್ಷದ 6,000 ಅಪ್ಪನ ಖಾತೆಗೆ ಬರ್ತದೆ, ಹೊಲದಲ್ಲಿ ಜಾಲಿ ಇದ್ರೂ ಬರ್ತದೆ. ಹದಿನೆಂಟು ವರ್ಷ ಆ ಹೊಲ ಮಾಡಿದ ಕಾಕಾ ಯಾವ ಲೆಕ್ಕದಲ್ಲೂ ರೈತ ಅಲ್ಲ, ಕೂಲಿ.

ನೀವು ನಿಮ್ಮೂರಿನ ಪಹಣಿ ತೆಗೆದು ನೋಡಿ. ಕಾಲಂ 9ರಲ್ಲಿ ಮಾಲೀಕನ ಹೆಸರು. ಕಾಲಂ 12ರಲ್ಲಿ ಸಾಗುವಳಿದಾರನ ಹೆಸರು, ಬೆಳೆ. ಎರಡು ಕಾಲಂ ಯಾಕೆ ಬೇರೆ ಬೇರೆ ಇಟ್ಟಿದ್ದಾರೆ? ಇಬ್ಬರು ಬೇರೆ ಬೇರೆ ಇರಬಹುದು ಅಂತಲೇ ತಾನೆ? ಡೇಟಾಬೇಸ್ ಕೆಲಸ ಮಾಡೋನಾಗಿ ನಾನು ಆ ವಿನ್ಯಾಸವನ್ನ ಮೆಚ್ಚುತ್ತೀನಿ. ಆದರೆ ಊರಿನಲ್ಲಿ ನಾನು ನೋಡಿದ ಪಹಣಿಗಳಲ್ಲೆಲ್ಲ ಎರಡೂ ಕಡೆ ಒಂದೇ ಹೆಸರು. ಪುಣೆಯಲ್ಲಿ ಆಟೋ ಓಡಿಸೋರು, ಹೈದರಾಬಾದಿನಲ್ಲಿ ಕಂಪನಿಯಲ್ಲಿ ಇರೋರು, ಬೆಂಗಳೂರಿನ ನನ್ನಂಥೋರು, ಎಲ್ಲರೂ ಕಾಗದದ ಮೇಲೆ ಸ್ವತಃ ನೇಗಿಲು ಹಿಡೀತಿದ್ದೀವಿ.

ಯಾಕೆ ಹಿಂಗೆ? ಕಾನೂನು ಇರೋದೇ ಹಂಗೆ. ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರದು, ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಗೇಣಿಯಲ್ಲಿದ್ದ ಭೂಮಿ ಸರ್ಕಾರಕ್ಕೆ, ಅಲ್ಲಿಂದ ಉಳುವವನಿಗೆ. ಜೊತೆಗೆ ಮುಂದೆ ಯಾರೂ ಕೃಷಿ ಭೂಮಿಯನ್ನ ಗೇಣಿಗೆ ಕೊಡುವ ಹಾಗಿಲ್ಲ. ಸೈನಿಕರಿಗೆ, ನಾವಿಕರಿಗೆ ವಿನಾಯಿತಿ. ಉಳಿದವರಿಗೆ ಒಂದು ವರ್ಷಕ್ಕೂ ಇಲ್ಲ, ಒಂದು ಗುಂಟೆಗೂ ಇಲ್ಲ.

ಇಲ್ಲಿ ಯಾರೂ ನನ್ನನ್ನ ತಪ್ಪು ತಿಳೀಬಾರದು. ಅರಸು ಮಾಡಿದ್ದು ತಪ್ಪು ಅಂತ ನಾನು ಹೇಳ್ಲತ್ತಿಲ್ಲ. ಈ ಭಾಗದಲ್ಲಿ ನಿಜಾಮರ ಕಾಲದ ಜಾಗೀರುಗಳು ಹೆಂಗಿದ್ವು ಅಂತ ನಮ್ಮ ಅಜ್ಜಂದಿರು ಹೇಳಿದ್ದನ್ನ ಕೇಳಿ ಬೆಳೆದವನು ನಾನು. ಬಸವಕಲ್ಯಾಣವೇ ಒಬ್ಬ ನವಾಬನ ಜಾಗೀರು. 1949ರಲ್ಲಿ ಜಾಗೀರು ರದ್ದಾಯ್ತು, 1950ರ ಹೈದರಾಬಾದ್ ಕಾಯ್ದೆಯಲ್ಲಿ ರಕ್ಷಿತ ಗೇಣಿದಾರ ಅನ್ನೋ ಹಕ್ಕು ಬಂತು, 1974 ಅದರ ಮುಂದಿನ ಹೆಜ್ಜೆ. ಕರಾವಳಿಯಲ್ಲಿ ಲಕ್ಷಾಂತರ ಒಕ್ಕಲುಗಳು ಅದರಿಂದ ಎದ್ದು ನಿಂತವು. ಅದನ್ನ ಅಲ್ಲಗಳೆಯೋನು ಚರಿತ್ರೆ ಓದಿಲ್ಲ. ನನ್ನ ತಕರಾರು ಬೇರೆ. ಗೇಣಿ ಸಾಯಲಿಲ್ಲ, ಕಾಗದದಿಂದ ಬಾಯಿಮಾತಿಗೆ ಇಳೀತು. ಇವತ್ತಿಗೂ ನಮ್ಮ ಕಡೆ ಯುಗಾದಿ ಬಂದ್ರೆ ಕಟ್ಟೆ ಮೇಲೆ ಲಾವಣಿ ಮಾತುಕತೆ ನಡೀತದೆ, ಎಕರೆಗೆ ಇಷ್ಟು ಅಂತ ರೊಕ್ಕ ಎಣಿಸ್ತಾರೆ. ತಲಾಟಿಗೂ ಗೊತ್ತು, ಸೊಸೈಟಿಯವರಿಗೂ ಗೊತ್ತು. ಗೊತ್ತಿಲ್ಲದ್ದು ಕಾನೂನಿಗೆ ಮಾತ್ರ.

ಮತ್ತೊಂದು ತಮಾಷೆ. ಗೇಣಿದಾರರು ಫಾರ್ಮ್ 7 ಹಾಕಲು ಕೊನೆಯ ದಿನ ಇದ್ದದ್ದು 1979ರ ಜೂನ್ 30. ಆ ದಿನ ಮುಗಿದು ಎಷ್ಟೋ ವರ್ಷ ಆದ ಮೇಲೆ ನಾನು ಹುಟ್ಟಿದ್ದು. 2014ರಲ್ಲಿ ಅಪ್ಪನನ್ನ ಹೆದರಿಸಿದೆನಲ್ಲ, ಆ ಹೆದರಿಕೆಗೆ ಬೇರೇ ಇರಲಿಲ್ಲ. ನಮ್ಮ ಅಪ್ಪಂದಿರ ಕಾಲದ ಭಯವನ್ನ ನಾನು ಓದಿದವನಾಗಿ ಪರೀಕ್ಷೆ ಮಾಡದೇ ಹಂಗೇ ನುಂಗಿದ್ದೆ. ಓದದ ಕಾಕಾನ ಅನ್ನ ಅದರಿಂದ ಹೋಯ್ತು.

ಸಾಫ್ಟ್‌ವೇರ್‌ನಲ್ಲಿರೋ ನನ್ನ ಗೆಳೆಯರಿಗೆ ಈ ಮಾತು ಚುಚ್ಚಬೇಕು ಅಂತಲೇ ಬರೀತಿದ್ದೀನಿ. ನಾವು ಹೊಲ ಮಾಡೋದಿಲ್ಲ, ಮಾರೋದಿಲ್ಲ, ಯಾರಿಗೂ ಮಾಡಲಿಕ್ಕೂ ಕೊಡೋದಿಲ್ಲ. 'ಪಿತ್ರಾರ್ಜಿತ' ಅಂತೀವಿ. ಆ ಪದಕ್ಕೆ ಅರ್ಥ ಕೊಟ್ಟ ಮಿತಾಕ್ಷರ ಹುಟ್ಟಿದ್ದೇ ನಮ್ಮ ಪಕ್ಕದ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದದ್ದು. ಹುಟ್ಟಿದ ಕೂಡಲೇ ಮಗನಿಗೆ ಹಿರಿಯರ ಆಸ್ತಿಯಲ್ಲಿ ಹಕ್ಕು. 2005ರ ತಿದ್ದುಪಡಿಯಿಂದ ಮಗಳಿಗೂ ಬಂತು, ಬರಬೇಕಾದದ್ದೇ. ಒಂಬೈನೂರು ವರ್ಷ ಪಾಲು ಮಾಡ್ತಾ ಮಾಡ್ತಾ, 2015-16ರ ಕೃಷಿ ಗಣತಿಯಲ್ಲಿ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರಿಗೆ ಬಂದು ನಿಂತಿದೆ. ಇಷ್ಟು ಚಿಕ್ಕ ತುಂಡಿಗಾಗಿ ಬೆಂಗಳೂರಿನಿಂದ ಯಾರೂ ವಾಪಸ್ ಬರೋದಿಲ್ಲ. ಪಕ್ಕದ ತುಂಡಿನವನಿಗೆ ಅದು ಸೇರಿದರೆ ಅವನ ಬದುಕು ನಡೀತದೆ.

2020ರಲ್ಲಿ ಸರ್ಕಾರ ಇದೇ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನ ಕಿತ್ತು ಹಾಕಿತು. ಈಗ ರೈತ ಅಲ್ಲದವನೂ ಕೃಷಿ ಭೂಮಿ ಕೊಳ್ಳಬಹುದು. ಪಾವಗಡದ ಸೋಲಾರ್ ಪಾರ್ಕಿಗೆ ಸರ್ಕಾರಿ ಕಂಪನಿಯೇ ರೈತರಿಂದ ಸುಮಾರು 13,000 ಎಕರೆಯನ್ನ ವರ್ಷಕ್ಕೆ ಎಕರೆಗೆ 21,000 ರೂಪಾಯಿಯಂತೆ ಬಾಡಿಗೆಗೆ ಹಿಡಿದಿದೆ, ಕಾಗದ ಪತ್ರದ ಸಮೇತ. ಅಂದರೆ ದುಡ್ಡಿದ್ದವನು ಹೊಲ ಕೊಳ್ಳಬಹುದು, ಕರೆಂಟಿಗೆ ಹೊಲ ಬಾಡಿಗೆಗೆ ಕೊಡಬಹುದು. ತೊಗರಿ ಬೆಳೆಯೋಕೆ ಕಾಕಾನಿಗೆ ಒಂದು ವರ್ಷದ ಮಟ್ಟಿಗೆ ಬರೆದು ಕೊಟ್ಟರೆ ಮಾತ್ರ ತಪ್ಪು!

ಕಂಪನಿ ಕೆಲಸದ ಮೇಲೆ ಎಂಟು ತಿಂಗಳು ಇಂಗ್ಲೆಂಡಿನಲ್ಲಿದ್ದೆ. ಅಲ್ಲಿ ಊರಿಗೂರಿಗೆ ಅಲಾಟ್‌ಮೆಂಟ್ ಅಂತ ಇರ್ತದೆ. ಕೌನ್ಸಿಲ್‌ನವರು ಜನರಿಗೆ ಬಾಡಿಗೆಗೆ ಕೊಡೋ ಕಾಯಿಪಲ್ಲೆ ಹೊಲ, ಅಳತೆ ಸುಮಾರು ಎರಡೂವರೆ ಗುಂಟೆ. 1908ರಿಂದ ಅದಕ್ಕೆ ಕಾನೂನಿದೆ. ಅಷ್ಟು ಚಿಕ್ಕ ಪಟ್ಟಿಗೂ ಕರಾರು ಪತ್ರ. ಕಸ ಬೆಳೆಯಲು ಬಿಟ್ಟರೆ ನೋಟಿಸ್ ಬರ್ತದೆ, ಸರದಿಯಲ್ಲಿರೋ ಮುಂದಿನವರಿಗೆ ಜಾಗ ಹೋಗ್ತದೆ. ಚೆನ್ನಾಗಿ ಮಾಡೋನನ್ನ ಸುಮ್ಮಸುಮ್ಮನೆ ಎಬ್ಬಿಸಬೇಕಾದರೆ ಒಂದು ವರ್ಷ ಮುಂಚೆ ತಿಳಿಸಬೇಕು. ನಮ್ಮಲ್ಲಿ 4 ಎಕರೆ ಮಾಡೋನಿಗೆ ಎರಡೂವರೆ ಗುಂಟೆಯವನಿಗಿರೋ ರಕ್ಷಣೆ ಇಲ್ಲ.

ರಕ್ಷಣೆ ಇಲ್ಲದಿದ್ದರೆ ಏನಾಗ್ತದೆ ಅಂತ ನಮ್ಮ ಹೊಲವೇ ಹೇಳ್ತದೆ. ಮೇ ಹೊತ್ತಿಗೆ ಕಾಕಾ ದಿನಾ ಬರಲಾರಂಭಿಸಿದ್ದರು. ಒಡೆದ ಒಡ್ಡಿಗೆ ಕಲ್ಲು ಕಟ್ಟಿದ್ದು ಅವರ ಕೈ. ಬಾಂದು ಕಲ್ಲು ಎಲ್ಲಿತ್ತು ಅಂತ ನೆನಪಿದ್ದದ್ದೂ ಅವರಿಗೇ. ಕುರಿಯವರ ಜೊತೆ ಮಾತಾಡಿ ಆರು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರು. ರೋಹಿಣಿಯಲ್ಲಿ ಒಂದು ಅಡ್ಡ ಮಳೆ ಬಂದ ಮೇಲೆ ಹೆಂಟೆಗಳು ತಾವೇ ಕರಗಿದವು. ಎರಡು ಸಲ ಕುಂಟೆ ಹೊಡೆದು ಹರಗಿದ ಮೇಲೆ ಮಣ್ಣು ಕೈಯಲ್ಲಿ ಹಿಡಿದ್ರೆ ಮತ್ತೆ ಹೊಲದ ಮಣ್ಣಿನ ಹಾಗಿತ್ತು.

ಆಗ ನಾನು ಕೇಳಿದೆ. "ಕಾಕಾ, ಮತ್ತ ನೀವೇ ಮಾಡ್ರಿ. ನನಗ ರಜಾ ಮುಗೀತದ."

ಅವರು ತಂಬಾಕು ತಿಕ್ಕುತ್ತಾ ಹೊಲ ನೋಡಿದರು. "ಹಿಂದ ಒಡ್ಡು ಯಾಕ ಒಡೀತು ಗೊತ್ತದ ಏನ್ ನಿನಗ? ನಾ ಇದ್ದಾಗೇ ಒಡೀಲತ್ತಿತ್ತು. ಮುಂದಿನ ವರ್ಷ ಹೊಲಾ ನನ್ನ ಕಡಿ ಇರ್ತದೋ ಇಲ್ಲೋ ಅಂತ ನಾ ಕಟ್ಟಲಿಲ್ಲ. ನಿಮ್ಮಪ್ಪ, ಮಾಡೋನು ಅವನು, ಅವನೇ ಕಟ್ಲಿ ಅಂತ ಬಿಟ್ರು." ಸ್ವಲ್ಪ ಹೊತ್ತು ಬಿಟ್ಟು, "ಕಾಗದ ಮಾಡಿ ಕೊಡ್ತಿ ಏನು? ಐದು ವರ್ಷದ್ದು" ಅಂದರು.

ಪರಿಚಯದ ವಕೀಲರೊಬ್ಬರನ್ನ ಕೇಳಿದೆ. ಬಾಂಡ್ ಪೇಪರ್ ಮೇಲೆ ಎಷ್ಟು ಬೇಕಾದರೂ ಬರೀರಿ, ಕೋರ್ಟಿನಲ್ಲಿ ಅದಕ್ಕೆ ಬೆಲೆ ಇಲ್ಲ, ಮೇಲೆ ನೀವೇ ಕಾನೂನು ಮುರಿದಿದ್ದಕ್ಕೆ ಅದು ಸಾಕ್ಷಿ ಅಂದರು. ಕಾಕಾನಿಗೆ ಹೋಗಿ ಹೇಳಿದೆ. ಅವರು ನಕ್ಕರು. ಬಾಯಿಮಾತಿನ ಮೇಲೆಯೇ ಆಯ್ತು, ಮತ್ತೆ. ಮಿರಗದ ಮಳೆಗೆ ಸೋಯಾ, ನಡುನಡುವೆ ತೊಗರಿ ಸಾಲು ಬಿತ್ತಿದರು.

ಬೆಳೆ ಚೆನ್ನಾಗೇ ಬಂತು. ಸೋಯಾ ಕೊಯ್ಯೋ ಹೊತ್ತಿಗೆ, ಸೆಪ್ಟೆಂಬರ್ ಕೊನೆ ವಾರದಲ್ಲಿ, ಗುಲಾಬ್ ಚಂಡಮಾರುತದ ಮಳೆ. ಮಾಂಜ್ರಾ ತುಂಬಿ ಹರೀತು. ಗಿಡದ ಮೇಲೇ ಕಾಯಿಯೊಳಗೆ ಕಾಳು ಮೊಳಕೆ ಒಡೆದವು. ಬೀಜ, ಗೊಬ್ಬರ, ಔಷಧಿ, ಕೂಲಿ ಎಲ್ಲ ಕಾಕಾನದು, ಕೈಗಡ ತಂದದ್ದು. ಸೊಸೈಟಿಯ ಶೂನ್ಯ ಬಡ್ಡಿ ಸಾಲ ಪಹಣಿ ಇದ್ದವರಿಗೆ, ಅವರಿಗಲ್ಲ. ಬೆಳೆ ವಿಮೆಯಲ್ಲಿ ಗೇಣಿದಾರರಿಗೂ ಅವಕಾಶ ಇದೆ ಅಂತ ನಿಯಮದಲ್ಲಿ ಬರೆದಿದ್ದಾರೆ, ಗೇಣಿ ಪತ್ರ ತೋರಿಸಿದರೆ. ಗೇಣಿ ಪತ್ರ ಮಾಡೋದನ್ನೇ ನಿಷೇಧಿಸಿದ ರಾಜ್ಯದಲ್ಲಿ!

ಆ ವರ್ಷ ಬೆಳೆ ಪರಿಹಾರ ಖುಷ್ಕಿಗೆ ಹೆಕ್ಟೇರಿಗೆ 6,800, ಅದರ ಮೇಲೆ ರಾಜ್ಯ ಸರ್ಕಾರ ಮತ್ತೆ 6,800 ಸೇರಿಸಿತು. ನಮ್ಮ 4 ಎಕರೆಗೆ 22,000ದ ಆಸುಪಾಸು. ಬಂತು. ಅಪ್ಪನ ಖಾತೆಗೆ. ನಾನು ಬೆಂಗಳೂರಿನಲ್ಲಿದ್ದೆ, ಅಪ್ಪ ಫೋನ್ ಮಾಡಿ "ರೊಕ್ಕ ಬಂದದ, ಏನ್ ಮಾಡ್ಲಿ?" ಅಂದರು. ಆ ಪ್ರಶ್ನೆ ಯಾಕೆ ಹುಟ್ಟಬೇಕಿತ್ತು ಅಂತ ನಾನು ಇವತ್ತಿಗೂ ಯೋಚಿಸ್ತೀನಿ. ಕೊಟ್ಟರು, ಪೂರಾ ಕೊಟ್ಟರು. ಕಾಕಾ ಎಣಿಸಿಕೊಂಡು ಅಪ್ಪನಿಗೆ ಕೈ ಮುಗಿದರಂತೆ. ತನ್ನದೇ ಬೆಳೆಯ ಪರಿಹಾರಕ್ಕೆ ಎಪ್ಪತ್ತರ ಹತ್ತಿರದ ಮನುಷ್ಯ ಕೈ ಮುಗೀಬೇಕು. ನಾವು ಕೊಟ್ಟೆವು ಅಂತ ಬೀಗೋದಕ್ಕೆ ಏನೂ ಇಲ್ಲ, ಕೊಡದಿದ್ದರೂ ಯಾರೂ ಕೇಳ್ತಿರಲಿಲ್ಲ. ಕೊಡದ ಮನೆಗಳು ನಮ್ಮ ಓಣಿಯಲ್ಲೇ ಇವೆ.

ಗಡಿ ದಾಟಿ ಜಹೀರಾಬಾದ್ ಕಡೆ ಹೋದರೆ ಬೇರೆ ಕಥೆ ಏನಿಲ್ಲ. ತೆಲಂಗಾಣದ ರೈತು ಬಂಧು 2018ರಲ್ಲಿ ಎಕರೆಗೆ ಹಂಗಾಮಿಗೆ 4,000ದಂತೆ ಶುರುವಾದಾಗ ಪಟ್ಟಾ ಇದ್ದವರಿಗೆ ಮಾತ್ರ ಸಿಕ್ಕಿತು, ಗೇಣಿ ಮಾಡೋರಿಗಲ್ಲ. ಆಂಧ್ರ ಮಾತ್ರ 2019ರಲ್ಲಿ ಒಂದು ಕಾಯ್ದೆ ತಂದು, ಸಾಗುವಳಿದಾರನಿಗೆ 11 ತಿಂಗಳ ಕಾರ್ಡು ಕೊಡಲಾರಂಭಿಸಿತು. ಮಾಲೀಕನ ಹಕ್ಕಿಗೆ ಧಕ್ಕೆ ಇಲ್ಲ, ಸಾಲ, ವಿಮೆ, ಪರಿಹಾರ ಮಾಡೋನಿಗೆ. ಆದರೆ ಕಾರ್ಡಿಗೆ ಮಾಲೀಕನ ಸಹಿ ಬೇಕು. ನನ್ನ 2014ರ ಅವತಾರದಂಥ ಮಾಲೀಕ ಸಹಿ ಹಾಕ್ತಾನಾ? ಹಾಕೋದಿಲ್ಲ. ಹಾಗಾಗಿ ಅದೂ ಅರ್ಧ ಮದ್ದು. ನೀತಿ ಆಯೋಗ 2016ರಲ್ಲೇ ಮಾದರಿ ಗೇಣಿ ಕಾಯ್ದೆ ಬರೆದು ರಾಜ್ಯಗಳಿಗೆ ಕಳಿಸಿದೆ, ನಮ್ಮಲ್ಲಿ ಗೇಣಿ ಇವತ್ತಿಗೂ ನಿಷೇಧ.

ಗೇಣಿ ಬಿಚ್ಚಿದರೆ ಕಂಪನಿಗಳು ಬಂದು ಊರಿಗೆ ಊರೇ ಹಿಡೀತಾವೆ ಅನ್ನೋರಿದ್ದಾರೆ. ಒಪ್ಪುವ ಭಯವೇ. ಹಾಗಾದರೆ ಮಿತಿ ಹಾಕಿ. ಅದೇ ಪಂಚಾಯ್ತಿಯಲ್ಲಿ ವಾಸ ಇರೋ ಮನುಷ್ಯನಿಗೆ ಮಾತ್ರ, ಇಷ್ಟೇ ಎಕರೆ, ಇಷ್ಟೇ ವರ್ಷ ಅಂತ ಬರೀರಿ. ಮಾಲೀಕತ್ವ ಬದಲಾಗೋದಿಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೀರಿ. ಕಾಲಂ 12 ಆಗಲೇ ಇದೆ, ಹೊಸ ತಂತ್ರಾಂಶ ಬೇಕಾಗಿಲ್ಲ. ಬೆಳೆ ಸಮೀಕ್ಷೆಗೆ ಹೊಲಹೊಲಕ್ಕೆ ಹೋಗಿ ಫೋಟೋ ತೆಗೆಯೋ ಹುಡುಗರು, ಈ ಬೆಳೆ ಯಾರು ಬಿತ್ತಿದ್ದು ಅಂತ ಪಕ್ಕದ ಹೊಲದವನನ್ನ ಒಂದು ಮಾತು ಕೇಳಿ ಬರಕೊಂಡರೆ ಆಯ್ತು. ಕಂಪನಿ ಬರ್ತದೆ ಅಂತ ಹೆದರಿ ಕಾಕಾನನ್ನ ಕಾನೂನಿನ ಹೊರಗೆ ಇಟ್ಟವರು, ಕಂಪನಿ ಕೊಂಡುಕೊಳ್ಳೋಕೆ ಬಂದಾಗ 79ಎ ಕಿತ್ತಿದ್ದನ್ನ ತಡೆಯಲಿಲ್ಲ.

ಈ ಯುಗಾದಿಗೂ ಕಾಕಾ ಮನೆಗೆ ಬಂದಿದ್ದರು. ಬೇವು ಬೆಲ್ಲ ತಿಂದರು. ಕಾಗದದ ವಿಷಯ ಅವರು ಈಗ ಕೇಳೋದಿಲ್ಲ. ಪಡುವಣ ಮೂಲೆಯ ಒಡ್ಡು ಮತ್ತೆ ಬಾಯಿ ಬಿಟ್ಟದೆ, ಮಿರಗಕ್ಕಿಂತ ಮುಂಚೆ ನಾಲ್ಕು ಟ್ರಿಪ್ ಕಲ್ಲು ಬೇಕು ಅಂದರು. ದುಡ್ಡು ಯಾರು ಹಾಕಬೇಕು ಅಂತ ಅವರೂ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ನಾನು ಕಲ್ಲಿನವನ ನಂಬರ್ ಕೇಳಿದೆ.